ಪಾಚಿ ಹೇಳದ ಬಿಸಿ

ಟೊಕ್.

ಒಂದು ಉಸಿರಿನಷ್ಟು ಬಿಡುವು. ನೀರು ಚೆಲ್ಲುವ ಸದ್ದು. ಮತ್ತೆ, ಟೊಕ್.

ನಮ್ಮೂರು ಚಿಲುಮುತ್‌ನಲ್ಲಿ ಬೆಳಗಾಗುವುದು ಈ ಸದ್ದಿನಿಂದ. ಅರ್ಮಾಳ ಬಿಸಿನೀರ ಸ್ನಾನದ ಕೊಳಕ್ಕೆ ತಣ್ಣೀರು ತರುವ ಬಿದಿರಿನ ಬಾಯಲ್ಲಿ ಇನ್ನೊಂದು ತುಂಡು ಬಿದಿರು ತೂಗಾಡುತ್ತದೆ. ನೀರು ತುಂಬಿದರೆ ಮುಂದಕ್ಕೆ ಬಾಗಿ ಚೆಲ್ಲುತ್ತದೆ, ಬರಿದಾದರೆ ಹಿಂದಕ್ಕೆ ಬಿದ್ದು ಕಲ್ಲಿಗೆ ಬಡಿಯುತ್ತದೆ. ಗದ್ದೆಗೆ ನುಗ್ಗುವ ಹಂದಿಗಳನ್ನು ಹೆದರಿಸಲು ಕಟ್ಟುವ ಇಂಥದೊಂದನ್ನು ಅರ್ಮಾಳ ಅಪ್ಪ ಕೊಳದ ಪಕ್ಕ ತಂದು ಕಟ್ಟಿದ. ಇಲ್ಲಿ ಯಾಕೆ ಎಂದು ಕೇಳಿದವರಿಗೆ, "ನನ್ನ ಮಗಳು ಇಲ್ಲಿದ್ದಾಳೆ ಅಂತ ಊರಿಗೆಲ್ಲ ಗೊತ್ತಿರಲಿ" ಎನ್ನುತ್ತಿದ್ದನಂತೆ. ಅರ್ಮಾಳಿಗೆ ಆ ಮಾತೆಂದರೆ ಪ್ರಾಣ. ತಾನು ಇದ್ದೇನೆ ಎಂಬುದು ಇನ್ನೊಬ್ಬರಿಗೆ ಸದಾ ಗೊತ್ತಾಗುತ್ತಿರಬೇಕು ಅವಳಿಗೆ. ಒಂದು ಗಳಿಗೆ ಮರೆತರೂ ಸಹಿಸಳು.

ಅವಳ ಕೊಳ ಮೇಲಿದೆ, ಎಂತಿನ್‌ಳ ಕೊಳ ಕೆಳಗಿದೆ. ನಾನು ಕೋಸಿನ ಬಜ್ಜಿಯಂಥ ಬಾಲಾ-ಬಾಲಾ ಕರಿಯುವ ಒಲೆ ಎರಡರ ನಡುವಿನ ಕಟ್ಟೆಯ ಮೇಲಿದೆ. ಬಾಣಲೆಯಿಂದ ತಲೆ ಎತ್ತಿದರೆ ಅತ್ತ ಅವಳು, ಇತ್ತ ಇವಳು. ಆದ್ದರಿಂದ ಈ ಕತೆಯಲ್ಲಿ ನಾನು ಕಣ್ಣಾರೆ ಕಾಣದ್ದು ಕಡಿಮೆ. ಕಾಣದ್ದನ್ನು ಅರ್ಮಾಳೇ ಆಮೇಲೆ ಹೇಳಿದ್ದಾಳೆ.

ಗುಡ್ಡದ ಬುಡದಲ್ಲಿ ನೀರಿನ ತಲೆ. ಅಲ್ಲಿ ನೆಲದಿಂದ ಕುದಿಯುತ್ತ ಏಳುವ ನೀರು ಕಲ್ಲಿನ ಕಾಲುವೆ ಹಿಡಿದು ಇಳಿಯುತ್ತದೆ. ಕೊಳಗಳಲ್ಲಿ ಅದಕ್ಕೆ ಬಿದಿರಿನ ತಣ್ಣೀರು ಬೆರೆತು ಹದವಾಗುತ್ತದೆ. ತಲೆಯ ಹತ್ತಿರ ಕಲ್ಲು ಬೋಳು. ಸ್ವಲ್ಪ ಕೆಳಗೆ ಬಿಳಿ ಎಳೆಗಳು ನೀರಿನಲ್ಲಿ ಮುದುಕಿಯ ಕೂದಲಿನ ಹಾಗೆ ಆಡುತ್ತವೆ. ಅದರ ಕೆಳಗೆ ಕೇಸರಿ ಪಾಚಿ, ಇನ್ನೂ ಕೆಳಗೆ ಹಸಿರು. ಇದು ಬಾವಿಕಟ್ಟೆಯ ಪಾಚಿಯಲ್ಲ. ಅದನ್ನು ತಂದು ಇಲ್ಲಿ ಹಾಕಿದರೆ ಬೆಂದುಹೋಗುತ್ತದೆ, ಇಲ್ಲಿಯದನ್ನು ಒಯ್ದು ಬಾವಿಕಟ್ಟೆಗೆ ಹಾಕಿದರೆ ಚಳಿಗೆ ಮುದುಡುತ್ತದೆ. ಬಿಸಿಯಲ್ಲಿ ಹುಟ್ಟಿ ಬಿಸಿಯಲ್ಲೇ ಬಾಳುವ ಜೀವ. ಒಂದೊಂದು ಬಣ್ಣಕ್ಕೂ ಒಂದೊಂದು ಹದದ ಬಿಸಿ. ಆ ಬಣ್ಣ ನೋಡಿಯೇ ನಾವು ನೀರಿಗಿಳಿಯುವುದು. "ಹಸಿರಿದ್ದಲ್ಲಿ ಕೂರು, ಕೇಸರಿ ಇದ್ದಲ್ಲಿ ಏಳು, ಬಿಳಿ ಇದ್ದಲ್ಲಿ ಮೊಟ್ಟೆ ಬೇಯಿಸು" ಎಂದು ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಕಲಿಸುತ್ತೇವೆ.

ಆದರೆ ಕೈ ಅದ್ದಿ ನೋಡುವಂತಿಲ್ಲ. ಬಡಿಸಿದ ಅನ್ನವನ್ನು ಮೂಸಿ ನೋಡಿದರೆ ಬಡಿಸಿದವಳಿಗೆ ಹೇಗಾಗುತ್ತದೋ ಹಾಗೆ, ಇನ್ನೊಬ್ಬಳ ಕೊಳಕ್ಕೆ ಬೆರಳು ಅದ್ದುವುದೂ. ಅದಕ್ಕೆ ನಾವು 'ನೀರಿನ ರುಚಿ ನೋಡುವುದು' ಎನ್ನುತ್ತೇವೆ. ಯಾರ ಮೇಲಾದರೂ ತೀರ ಸಿಟ್ಟು ಬಂದರೆ, "ಹೋಗು, ಅವಳ ನೀರಿನ ರುಚಿ ನೋಡು" ಎನ್ನುವುದುಂಟು. ಹಿಂದೊಮ್ಮೆ ಒಬ್ಬ ಮೈದುನ ಅತ್ತಿಗೆಯ ಕೊಳಕ್ಕೆ ಹೆಬ್ಬೆರಳು ಅದ್ದಿದ್ದಕ್ಕೆ ಆ ಎರಡು ಮನೆಗಳ ನಡುವೆ ಇಂದಿಗೂ ಹಬ್ಬದ ಕೇತುಪತ್ ಕಡುಬು ಹಂಚುವುದಿಲ್ಲ. ಕೊಳದ ಒಡತಿ ಕೂಡ ಅದ್ದುವುದಿಲ್ಲ. ಅದ್ದಿದರೆ ತನ್ನ ಕಣ್ಣನ್ನು ತಾನೇ ನಂಬದವಳೆಂದು ಆಗುತ್ತದೆ.

ಅರ್ಮಾಳ ಕಣ್ಣು ಊರಿಗೇ ದೊಡ್ಡದು. ದೂರದಿಂದಲೇ ಮೆಟ್ಟಿಲಿನ ಹಸಿರು ನೋಡಿ, "ಇವತ್ತು ಬಾಣಂತಿ ಬೇಡ, ಮುದುಕರು ಬರಲಿ" ಎನ್ನುವಳು. ಆ ಕಣ್ಣಿಗೆ ಇನ್ನೊಂದು ಕೆಲಸವೂ ಇತ್ತು. ಗಂಡ ಸರ್ಮದ್ ಯಾರ ಕಡೆ ನೋಡುತ್ತಾನೆ ಎಂದು ನೋಡುವುದು.

ಸರ್ಮದ್ ಬೆಲ್ಲದ ತಾಳೆಯಿಂದ ರಸ ಇಳಿಸುವವನು. ಆ ಕೆಲಸಕ್ಕೆ ಒಂದು ಪದ್ಧತಿಯಿದೆ. ಮರದ ಹೂದಂಡವನ್ನು ಮೆಲ್ಲಗೆ ಬಡಿಯುತ್ತ, ಮರವನ್ನು ಹೆಣ್ಣೆಂದುಕೊಂಡು ಅದಕ್ಕೆ ಹಾಡು ಹೇಳಬೇಕು. ಹಾಡದಿದ್ದರೆ ಮರ ರಸ ಬಿಡುವುದಿಲ್ಲ. ಮದುವೆಯಾದ ಹೊಸತರಲ್ಲಿ ಅರ್ಮಾ ಗಂಡನಿಗೆ ಬುತ್ತಿ ಒಯ್ದಿದ್ದಾಳೆ. ಮರದ ಮೇಲಿನಿಂದ ಹಾಡು ಕೇಳಿಸಿದೆ. ನಿನ್ನ ನಡು ಎಷ್ಟು ತೆಳು, ನಿನ್ನ ಕಣ್ಣೀರು ಎಷ್ಟು ಸಿಹಿ ಎಂದೆಲ್ಲ. ಬಾಳೆಲೆಯ ಅನ್ನದ ಪೊಟ್ಟಣವನ್ನು ಮರದ ಬುಡದಲ್ಲೇ ಎಸೆದು ಬಂದಳು.

ಆ ಸಂಜೆ ನಮ್ಮೂರೆಲ್ಲ ಕೇಳುವ ಹಾಗೆ ಜಗಳ.

"ಮರಕ್ಕೆ ಹೇಳಿದ್ದು ಕಣೇ, ನ್ಯೀ! ಮರಕ್ಕೆ!" ಹೆಂಡತಿಯನ್ನು ಸರ್ಮದ್ ಕರೆಯುವುದು ನ್ಯೀ ಎಂದೇ.

"ನನಗೆ ಒಂದು ದಿನ ಹೇಳಿದ್ದೀರಾ ಅದನ್ನ?"

"ನೀನೇನು ರಸ ಬಿಡ್ತೀಯಾ?"

ಅವತ್ತು ಊರು ನಕ್ಕಿದ್ದು ನಕ್ಕಿದ್ದೇ. ಅರ್ಮಾ ಮಾತ್ರ ನಗಲಿಲ್ಲ. ಆಮೇಲೆ ಸರ್ಮದ್ ಹಾಡನ್ನು ಬಾಯೊಳಗೇ ಗುನುಗಿಕೊಳ್ಳತೊಡಗಿದ. ರಸ ಕಡಿಮೆಯಾಯಿತೋ ಇಲ್ಲವೋ ನನಗೆ ಗೊತ್ತಿಲ್ಲ, ಅವನು ಮಾತ್ರ ಕಡಿಮೆಯಾದ.

ಒಂದು ಮಳೆಗಾಲದಲ್ಲಿ ಸರ್ಮದ್ ಮರದಿಂದ ಬಿದ್ದ. ಮುರಿದ ಬಲಗಾಲು ಕೂಡಿಕೊಂಡಿತು, ಆದರೆ ಮೊಣಕಾಲಿನ ಕೆಳಗೆ ಸ್ಪರ್ಶ ಹೋಯಿತು. ಮುಳ್ಳು ಚುಚ್ಚಿದರೂ ಗೊತ್ತಾಗುವುದಿಲ್ಲ. ಬೆಳಗ್ಗೆ ಎದ್ದಾಗ ಮರದ ಹಲಗೆಯ ಹಾಗೆ ಬಿಗಿದಿರುತ್ತದೆ. ಬಿಸಿನೀರಿನಲ್ಲಿ ನೆನೆಸಿದರೆ ಸಡಿಲಾಗಿ, ಆ ದಿನದ ಮಟ್ಟಿಗೆ ನಡೆಯಬಲ್ಲ. ಹೀಗೆ ಅವನು ಬೆಳಗಿನ ನಮಾಜು ಮುಗಿಸಿ ದಿನವೂ ಹೆಂಡತಿಯ ಕೊಳಕ್ಕೆ ಬಂದು ಮೆಟ್ಟಿಲ ಮೇಲೆ ಕೂರತೊಡಗಿದ. ಅವಳು ಅವನ ಕಾಲನ್ನು ತೊಡೆಯ ಮೇಲಿಟ್ಟು ತಿಕ್ಕುವಳು. ಊರಿನವರೆಲ್ಲ ಅಯ್ಯೋ ಪಾಪ ಎಂದರು. ನನ್ನನ್ನು ಚಿಕ್ಕಮ್ಮ ಎಂಬರ್ಥದಲ್ಲಿ 'ಬಿ' ಎನ್ನುವ ಅರ್ಮಾ ನನ್ನ ಒಲೆಯ ಬಳಿ ಕೂತು ಮೆಲ್ಲನೆ ಹೇಳಿದ್ದು ಬೇರೆ: "ಬಿ, ಅಲ್ಲಾ ಕ್ಷಮಿಸಲಿ, ಈಗ ಆ ಮರಗಳಿಗೆ ಇವರು ಸಿಗಲ್ಲ ಅಲ್ವಾ?"

ಎಂತಿನ್ ಬರುವ ತನಕ ಹೀಗೆಯೇ ನಡೆಯಿತು.

ಕೆಳಗಿನ ಕೊಳ ಅವಳ ದೊಡ್ಡಮ್ಮನದು. ಆ ಮುದುಕಿ ತೀರಿಕೊಂಡ ಮೇಲೆ ಕಾಲುವೆಯ ಬಾಯಿ ಮುಚ್ಚಿ, ಕೊಳ ಒಣಗಿ, ಬಿದಿರೆಲೆ ತುಂಬಿ ಹಲ್ಲಿಗಳ ಮನೆಯಾಗಿತ್ತು. ಗಂಡ ಸತ್ತ ಎಂತಿನ್ ಗಾರುತ್‌ನಿಂದ ಒಂದು ಪೆಟ್ಟಿಗೆ, ಒಂದು ಹುಂಜ ಹಿಡಿದುಕೊಂಡು ಬಂದಳು. ಸೆರಗು ಸಿಕ್ಕಿಸಿ ಎಲೆ ಬಾಚಿದಳು, ಕಾಲುವೆ ಬಿಡಿಸಿದಳು, ಮೇಲಿನ ತಣ್ಣೀರ ತೊಟ್ಟಿಯಿಂದ ತನ್ನ ಕೊಳಕ್ಕೂ ಹೊಸ ಬಿದಿರು ಎಳೆದಳು. ಕಲ್ಲಿನ ಮೇಲೆ ಹಳೆಯ ಪಾಚಿ ಕಪ್ಪು ಹಪ್ಪಳದ ಹಾಗೆ ಸಿಪ್ಪೆಯೆದ್ದಿತ್ತು.

ಅರ್ಮಾ ಮೇಲಿನಿಂದಲೇ ಕೂಗಿದಳು. "ಅದು ಸತ್ತು ಎಷ್ಟೋ ಕಾಲ ಆಯ್ತು ಎಂತಿನ್. ಬರಿ ಕಲ್ಲು ತೊಳ್ಕೊಂಡು ಕೂತ್ಕೋಬೇಕು ನೀನು!"

"ತೊಳೀತೀನಿ ಬಿಡಿ ತೇತೆ. ಕಲ್ಲಾದ್ರೂ ನನ್ನದೇ ತಾನೆ!" ಎಂದಳು ಎಂತಿನ್. ತೇತೆ ಎಂದರೆ ಅಕ್ಕ.

ಬಿಸಿನೀರು ಹರಿಯಿತು. ಕೆಲವು ವಾರ ಏನೂ ಇಲ್ಲ. ಒಂದು ಬೆಳಗ್ಗೆ ನೋಡಿದರೆ ಮೆಟ್ಟಿಲಿನ ಬಿರುಕಿನಲ್ಲಿ ಸೂಜಿಯಲ್ಲಿ ಹೊಲಿದಂತೆ ಒಂದು ಹಸಿರು ಗೆರೆ. ಮುಂದಿನ ಬೆಳುದಿಂಗಳ ಹೊತ್ತಿಗೆ ಮೆಟ್ಟಿಲೆಲ್ಲ ಎಳೆಗರಿಕೆಯಂಥ ಹಸಿರು, ಅದರ ಅಂಚಿಗೆ ಬಾತಿಕ್ ಸೀರೆಯ ಅಂಚಿನ ಹಾಗೆ ಅಚ್ಚ ಕೇಸರಿ. ಅಷ್ಟು ಚೆಂದದ ಪಾಚಿ ಈ ಕಾಲುವೆಯಲ್ಲೇ ಇರಲಿಲ್ಲ. ಜನ ನೋಡಲು ಬಂದರು. ಎಂತಿನ್ ಸೊಂಟದ ಮೇಲೆ ಕೈಯಿಟ್ಟು ನಿಂತು, "ಸತ್ತಿರಲಿಲ್ಲ ತೇತೆ. ಮಲಗಿತ್ತು ಅಷ್ಟೆ" ಎಂದಳು.

ಅರ್ಮಾ ಆ ದಿನ ತನ್ನ ಮೆಟ್ಟಿಲನ್ನು ತೆಂಗಿನ ಚಿಪ್ಪಿನಿಂದ ಎಷ್ಟು ತಿಕ್ಕಿದಳೆಂದರೆ ಒಳ್ಳೆಯ ಹಸಿರೂ ಕಿತ್ತುಬಂತು.

ಸರ್ಮದ್ ಕೆಳಗಿನ ಕೊಳಕ್ಕೆ ಮೊದಲ ಸಲ ಹೋದದ್ದು ಅರ್ಮಾಳ ಕೊಳದಲ್ಲಿ ಬಾಣಂತಿಯೊಬ್ಬಳು ಇದ್ದ ದಿನ. ಎರಡನೆಯ ಸಲ ಹೋದದ್ದಕ್ಕೆ ಕಾರಣ ಇರಲಿಲ್ಲ. ಆಮೇಲೆ ಯಾರೂ ಕಾರಣ ಕೇಳುವಂತಿರಲಿಲ್ಲ, ದಿನವೂ ಹೋದ.

"ಅಲ್ಲಿ ಮೆಟ್ಟಿಲು ತಗ್ಗು ನ್ಯೀ. ಕಾಲು ಉದ್ದಕ್ಕೆ ಚಾಚಬಹುದು," ಎಂದ.

"ನನ್ನ ಮೆಟ್ಟಿಲನ್ನ ತಗ್ಗು ಮಾಡ್ಲಾ?"

"ಕಲ್ಲು ಕಡಿಯೋಕೆ ಆಗುತ್ತಾ ನಿನಗೆ?"

"ಆಗುತ್ತೆ."

ಅವನು ನಕ್ಕು, ಊರುಗೋಲು ಹಿಡಿದು ಇಳಿದುಹೋದ. ಅವಳು ತಮಾಷೆಗೆ ಹೇಳಿರಲಿಲ್ಲ. ಮಧ್ಯಾಹ್ನ ಸುತ್ತಿಗೆ ತಂದು ಮೆಟ್ಟಿಲಿಗೆ ಬಡಿದಳು. ಕಲ್ಲಿನ ಒಂದು ಮೂಲೆ ಹಾರಿತು, ಅಷ್ಟೆ.

ನಿಜವಾದ ಕಾರಣ ಮೆಟ್ಟಿಲಲ್ಲ ಎಂದು ಅವಳಿಗೆ ತಿಳಿದದ್ದು ಇನ್ನೊಂದು ಬೆಳಗ್ಗೆ. ಮಂಜು ದಟ್ಟವಾಗಿತ್ತು, ಏನೂ ಕಾಣುತ್ತಿರಲಿಲ್ಲ. ಮಂಜಿನೊಳಗಿಂದ ಎಂತಿನ್‌ಳ ದನಿ ಬಂತು. ಅಣ್ಣ ಎನ್ನುವ ಹಾಗೆ ಗಂಡಸರನ್ನೂ, ಗಂಡನನ್ನೂ ನಾವು ಕಾಂಗ್ ಎನ್ನುತ್ತೇವೆ.

"ಕಾಂಗ್, ಮರಕ್ಕೆ ಹಾಡ್ತಿದ್ರಂತಲ್ಲ ಅದನ್ನ ಒಂದು ಸಲ ಹೇಳಿ. ನಮ್ಮ ಗಾರುತ್ ಕಡೆ ಈಗ ಯಾರೂ ಹಾಡಲ್ಲ."

"ಅಯ್ಯೋ, ಅದು ಮರೆತೇ ಹೋಗಿದೆ."

"ಸುಳ್ಳು! ಗಂಟಲಲ್ಲೇ ಇದೆ, ಕಾಣ್ತಾ ಇದೆ ನನಗೆ."

ಸರ್ಮದ್ ಹಾಡಿದ. ದನಿ ಮೊದಲು ಒಡಕಾಗಿತ್ತು, ಆಮೇಲೆ ಕೂಡಿಕೊಂಡಿತು. ನೀರು ಮೊಗೆಯುವ ಬಟ್ಟಲಿನ ಅಂಚಿಗೆ ಬೆರಳು ಬಡಿಯುತ್ತ ತಾಳ ಹಾಕುತ್ತಿದ್ದ. ಬಾಣಲೆಯಲ್ಲಿ ನನ್ನ ಬಾಲಾ-ಬಾಲಾ ಸೀದುಹೋಯಿತು, ನಾನು ಕೇಳುತ್ತ ಕೂತಿದ್ದೆ. ಮೇಲೆ ಅರ್ಮಾಳೂ ಕೇಳುತ್ತಿದ್ದಳು. ಒಂದು ಕಾಲದಲ್ಲಿ ಅವಳೇ ಬಾಯಿ ಮುಚ್ಚಿಸಿದ ಹಾಡು ಅದು. ಅದೂ ಸತ್ತಿರಲಿಲ್ಲ. ಆದರೆ ಎದ್ದದ್ದು ಅವಳ ಕೊಳದ ಮೆಟ್ಟಿಲಿನಲ್ಲಲ್ಲ.

"ಅವಳು ಕಾಂಗ್ ಅನ್ನೋದು ಕೇಳಿದ್ದೀಯಾ ಬಿ?" ಎಂದು ಕೇಳಿದಳು ಅರ್ಮಾ ನನ್ನನ್ನು. "ಎಲ್ಲರೂ ಅಂತಾರೆ, ನಾನೂ ಅಂತೀನಿ. ಆದರೆ ಅವಳು ಕಾ... ಅಂತ ಎಳೀತಾಳೆ. ಆ ಎಳೆತದಲ್ಲಿ ಒಂದು ಮಗು ಮಲಗಿಸಬಹುದು."

ಆ ತಿಂಗಳೇ ಯಾನ್ತಿ ಬಂದಳು. ಬಂಡುಂಗ್‌ನ ವಿದ್ಯಾಲಯದ ಹುಡುಗಿ. ವರ್ಷಕ್ಕೊಮ್ಮೆ ಬಂದು ಅರ್ಮಾಳ ಮನೆಯಲ್ಲೇ ಉಳಿದು, ಕಾಲುವೆಯ ಪಾಚಿಯನ್ನು ಚಿಕ್ಕ ಚಿಕ್ಕ ಶೀಶೆಗಳಲ್ಲಿ ತುಂಬಿಕೊಂಡು ಹೋಗುತ್ತಾಳೆ. ಅರ್ಮಾಳ ಮೆಟ್ಟಿಲಿನದೇ ಬೇಕು ಅವಳಿಗೆ ಎಂಬುದು ಅರ್ಮಾಳ ದೊಡ್ಡ ಹೆಮ್ಮೆ. ಈ ಸಲ ಯಾನ್ತಿ ಬ್ಯಾಗು ಇಳಿಸಿ, ಚಹಾ ಕುಡಿದು, ನೇರ ಕೆಳಗಿಳಿದಳು. ಸಂಜೆ ಶೀಶೆಗಳನ್ನು ಜಗಲಿಯ ಮೇಲೆ ಸಾಲಾಗಿ ಇಟ್ಟಾಗ ಅರ್ಮಾ ಕೇಳಿದಳು, "ಇದರಲ್ಲಿ ನನ್ನದು ಯಾವುದು ನೆಂಗ್, ಮಗಳೇ?"

"ಈ ಸಲ ಎಲ್ಲ ಬಿ ಎಂತಿನ್ ಅವರದು ತೇತೆ. ಇಷ್ಟು ವರ್ಷ ಒಣಗಿ, ತಣ್ಣಗೆ ಬಿದ್ದಿದ್ದು ಹೀಗೆ ವಾಪಸ್ ಬಂದಿದೆ ಅಂದ್ರೆ! ನಮ್ಮ ಮೇಷ್ಟ್ರು ಕುಣಿದಾಡಿಬಿಡ್ತಾರೆ."

ಅರ್ಮಾ ಅನ್ನ ಬಡಿಸಿದಳು. ಸಂಬಲ್ ಚಟ್ನಿ ಅಂದು ಎಂದಿಗಿಂತ ಖಾರವಾಗಿತ್ತು ಎಂದು ಯಾನ್ತಿ ಆಮೇಲೆ ನನ್ನ ಬಳಿ ಬಂದು ಬಾಯಿ ಊದಿಕೊಂಡಳು.

"ಅದು ಹೇಗೆ ತಡ್ಕೊಳ್ಳುತ್ತೆ?" ಅರ್ಮಾ ಊಟದ ನಡುವೆ ಕೇಳಿದಳು. ಪಾಚಿಯ ಬಗ್ಗೆ ಅವಳು ಅದುವರೆಗೆ ಯಾರನ್ನೂ ಕೇಳಿದವಳಲ್ಲ.

ಯಾನ್ತಿಗೆ ಖುಷಿ. ಕೈಯಲ್ಲಿದ್ದ ಸೌತೆಕಾಯಿ ಚೂರನ್ನು ಆಡಿಸುತ್ತ ಹೇಳಿದಳು. "ಅವಕ್ಕೆ ಮೈಸುತ್ತ ಒಂದು ಎಣ್ಣೆಯ ಪದರ ಇರುತ್ತೆ ತೇತೆ. ಚಳಿ ಬಿದ್ರೆ ತೆಂಗಿನೆಣ್ಣೆ ಗಟ್ಟಿಯಾಗಲ್ವಾ, ಹಾಗೆ ಅದೂ ಗಟ್ಟಿಯಾಗುತ್ತೆ. ಆಗ ಬೇಗ ಬೇಗ ತೆಳು ಎಣ್ಣೆ ಮಾಡ್ಕೊಳ್ಳುತ್ತೆ, ಗಟ್ಟಿಯಾಗದೆ ಇರೋಂಥದ್ದು. ಕೆಲವು ಮೆಲ್ಲಗೆ ತೆವಳ್ಕೊಂಡು ಬಿಸಿ ಇರೋ ಕಡೆ ಹೋಗ್ತವೆ. ಅದೂ ಆಗದಿದ್ರೆ ಎಲ್ಲ ನಿಲ್ಲಿಸಿ ಮಲಗಿಬಿಡ್ತವೆ. ಸತ್ತ ಹಾಗೇ ಕಾಣುತ್ತೆ, ಆದ್ರೆ ಬಿಸಿ ಬರಲಿ ಅಂತ ಕಾಯ್ತಿರುತ್ತೆ."

"ಬಿಸಿ ಜಾಸ್ತಿ ಆದ್ರೆ?"

"ಅದು ಕಷ್ಟ. ಒಳಗೆ ಮಡಿಸಿಟ್ಟ ಬಟ್ಟೆ ಥರ ಸಣ್ಣ ಸಣ್ಣ ವಸ್ತು ಇರುತ್ತೆ. ಮಡಿಕೆ ಸರಿಯಾಗಿದ್ರೇನೇ ಕೆಲಸ ನಡೆಯೋದು. ಬಿಸಿ ಮೀರಿದ್ರೆ ಮಡಿಕೆ ಬಿಚ್ಚಿಹೋಗುತ್ತೆ. ಆಗ ಒಂದಷ್ಟು ಆಳುಗಳನ್ನ ಹುಟ್ಟಿಸ್ಕೊಳ್ಳುತ್ತೆ. ಅವು ಓಡಾಡಿ ಬಿಚ್ಚಿದ್ದನ್ನ ಹಿಡಿದು ಮತ್ತೆ ಮಡಿಸ್ತವೆ."

"ಆಳುಗಳ ಕೈಲೂ ಆಗದಿದ್ರೆ?"

"ಬಿಳಿಚಿಕೊಳ್ಳುತ್ತೆ. ಆಮೇಲೆ ಸಾಯುತ್ತೆ."

"ಬಿಳಿಚಿಕೊಳ್ಳುತ್ತೆ," ಎಂದು ಅರ್ಮಾ ಹೇಳಿಕೊಂಡಳು. ಎಷ್ಟು ಹೊತ್ತಿಗೆ ಎಂದು ಕೇಳಲಿಲ್ಲ. ಕೇಳಿದ್ದರೆ ಯಾನ್ತಿ ಹೇಳುತ್ತಿದ್ದಳು, ತಿಳಿದವಳು. ಅರ್ಮಾಳ ಕಣ್ಣ ಮುಂದೆ ಆಗಲೇ ಎಂತಿನ್‌ಳ ಹಸಿರು ಮೆಟ್ಟಿಲು ಬಿಳಿ ಮೊಟ್ಟೆಯ ಹಾಗೆ ಬೆತ್ತಲಾಗಿ ನಿಂತಿತ್ತು. ಬಿಳಿ ಮೆಟ್ಟಿಲಿಗೆ ಯಾರು ಕಾಲಿಡುತ್ತಾರೆ? ಯಾರೂ ಇಲ್ಲ. ಸರ್ಮದ್ ಕೂಡ ಊರುಗೋಲು ತಿರುಗಿಸಿ ಮೇಲೆ ಹತ್ತಿ ಬರಲೇಬೇಕು.

ಯಾನ್ತಿ ಶೀಶೆಗಳನ್ನು ಹತ್ತಿಯಲ್ಲಿ ಸುತ್ತಿಕೊಂಡು ಬಂಡುಂಗ್‌ಗೆ ಹೊರಟಳು. ಆ ಸಂಜೆ ಊರ ಹೆಂಗಸರೆಲ್ಲ ಕುರಾನ್ ಓದಿಗೆಂದು ಮಸೀದಿಗೆ ಹೋದರು. ಎಂತಿನ್ ಕೂಡ ಬಿಳಿ ಮುಸುಕು ಹೊದ್ದು ನನ್ನ ಮುಂದೆಯೇ ಹೋದಳು. ಅರ್ಮಾ ಮೈ ಸರಿಯಿಲ್ಲ ಎಂದಳು. ಗುಡ್ಡದ ಮೇಲಿನ ತಣ್ಣೀರ ತೊಟ್ಟಿಗೆ ಹೋದಳು. ತೊಟ್ಟಿಗೆ ಎರಡು ಬಾಯಿ, ಎರಡು ಬಿದಿರು, ಒಂದು ಅವಳದು, ಒಂದು ಎಂತಿನ್‌ಳದು. ತಾಳೆಯ ಕರಿನಾರನ್ನು ಮುಷ್ಟಿಯಲ್ಲಿ ಉಂಡೆ ಕಟ್ಟಿ ಎಂತಿನ್‌ಳ ಬಾಯಿಗೆ ತುರುಕಿದಳು. ಸರ್ಮದ್ ಮರ ಹತ್ತುತ್ತಿದ್ದ ಕಾಲದಲ್ಲಿ ತಂದು ಅಟ್ಟದಲ್ಲಿಟ್ಟ ನಾರು ಅದು. ನೀರು ಒಂದು ಕ್ಷಣ ತೊಟ್ಟಿಯಲ್ಲಿ ತಡವರಿಸಿ, ಎಲ್ಲವೂ ಅರ್ಮಾಳ ಬಿದಿರಿಗೆ ನುಗ್ಗಿತು.

ಮನೆಗೆ ಬಂದು ಗಂಡನಿಗೆ ಊಟಕ್ಕಿಟ್ಟಳು. ಬೆಲ್ಲ ಹಾಕಿದ ಶುಂಠಿ ಕಷಾಯ ಕೊಟ್ಟಳು. ತುಂಬ ದಿನಗಳ ಮೇಲೆ ಅವಳ ಮುಖದಲ್ಲಿ ಕಳೆಯಿತ್ತಂತೆ. ಸರ್ಮದ್, "ಏನು, ಮೈ ಸರಿಯಿಲ್ಲ ಅಂದೆ, ಕೆನ್ನೆ ಕೆಂಪಾಗಿದೆ?" ಎಂದು ಕೇಳಿದನಂತೆ.

ಬೆಳಗ್ಗೆ ಮಂಜು. ನಾನು ಒಲೆ ಹೊತ್ತಿಸಿ, ಹಿಟ್ಟಿಗೆ ಕೋಸು ಹೆಚ್ಚಿ ಹಾಕುತ್ತಿದ್ದೆ. ಎಂತಿನ್ ಮೆಟ್ಟಿಲ ಮೇಲಿನ ಎಲೆಗಳನ್ನು ಪೊರಕೆಯಿಂದ ತಳ್ಳಿ, ಹಸಿರು ನೋಡಿ, ತೃಪ್ತಿಯಿಂದ ಹುಂಜಕ್ಕೆ ಅಕ್ಕಿ ಎರಚುತ್ತಿದ್ದಳು. ಸ್ನಾನಕ್ಕೆ ಬಂದ ಇಬ್ಬರು ಮುದುಕಿಯರು ನನ್ನ ಬಳಿ ಚಹಾ ಕುಡಿಯುತ್ತಿದ್ದರು. ಸರ್ಮದ್ ಊರುಗೋಲಿನ ಸದ್ದು ಮಾಡುತ್ತ ಬಂದು ಎಂತಿನ್‌ಳ ಕಟ್ಟೆಯ ಮೇಲೆ ಕೂತು ಲುಂಗಿ ಮಡಚತೊಡಗಿದ. ಅವನ ಹಿಂದೆಯೇ, ಸ್ವಲ್ಪ ದೂರದಲ್ಲಿ, ಅರ್ಮಾ ಇಳಿದು ಬಂದಳು. ಅವಳು ಕೆಳಕ್ಕೆ ಬಂದದ್ದೇ ಇಲ್ಲ ಅದುವರೆಗೆ.

"ಓಹೋ, ತೇತೆ! ಸೂರ್ಯ ಯಾವ ಕಡೆ ಹುಟ್ಟಿದ ಇವತ್ತು?" ಎಂದಳು ಎಂತಿನ್. "ಬನ್ನಿ, ನಮ್ಮ ಬಡ ಕಟ್ಟೆ ಮೇಲೆ ಕೂತ್ಕೊಳ್ಳಿ."

ಅರ್ಮಾ ಮೆಟ್ಟಿಲು ನೋಡಿದಳು.

ಹಸಿರು. ನಿನ್ನೆ ಹೇಗಿತ್ತೋ ಹಾಗೇ, ಎಳೆ ಹಸಿರು, ಅಂಚಿಗೆ ಕೇಸರಿ. ಒಂದು ಎಳೆಯೂ ಬಿಳಿಚಿರಲಿಲ್ಲ.

ಆ ಗಳಿಗೆಯಲ್ಲಿ ತನಗೆ ಬಂದದ್ದು ಸಿಟ್ಟು ಮಾತ್ರ ಎಂದಳು ಆಮೇಲೆ. ಪಾಚಿಯ ಮೇಲೆ ಸಿಟ್ಟು. ಗಂಡ ಹೋದ, ಬಂಡುಂಗ್‌ನ ಹುಡುಗಿ ಹೋದಳು, ಈಗ ಈ ಪಾಚಿಯೂ ಅವಳ ಕಡೆ. ನೀರು ಬಿಸಿಯಾಗಲೇ ಇಲ್ಲವೇನೋ, ನಾರಿನ ಉಂಡೆ ಕಿತ್ತುಹೋಯಿತೇನೋ ಎಂದುಕೊಂಡು ತಿರುಗಿ ಹೊರಟಳು.

ಮೇಲಿನಿಂದ ಸದ್ದು ಬರುತ್ತಿತ್ತು. ಟೊಕ್ಟೊಕ್. ಟೊಕ್ಟೊಕ್. ಬಿಡುವೇ ಇಲ್ಲದೆ, ಬೆನ್ನಟ್ಟಿಸಿಕೊಂಡವರ ಎದೆ ಬಡಿದುಕೊಂಡ ಹಾಗೆ.

ಅರ್ಮಾ ನಿಂತಳು. ಉಂಡೆ ಕಿತ್ತುಹೋಗಿಲ್ಲ. ತಣ್ಣೀರೆಲ್ಲ ಇನ್ನೂ ತನ್ನ ಬಿದಿರಿನಲ್ಲೇ ಬರುತ್ತಿದೆ. ಹಾಗಾದರೆ ಕೆಳಗೆ ರಾತ್ರಿಯಿಡೀ ಬಿದ್ದದ್ದು ಬರೀ ಕುದಿನೀರು. ಮೆಟ್ಟಿಲ ಮೇಲಿನ ಹಬೆ ಮಂಜಿನ ಹಾಗೆ ಮಲಗಿರಲಿಲ್ಲ, ನೆಟ್ಟಗೆ ನಿಂತಿತ್ತು. ಹಸಿರು ಹೇಳುತ್ತಿದ್ದದ್ದು ನಿನ್ನೆಯ ಬಿಸಿಯನ್ನು. ಒಳಗೆ ಆಳುಗಳು ಓಡಾಡುತ್ತ, ಬಿಚ್ಚಿಹೋದದ್ದನ್ನು ಹಿಡಿಹಿಡಿದು ಮಡಿಸುತ್ತ, ಹೊರಗೆ ಇನ್ನೂ ಏನೂ ಆಗದವರ ಹಾಗೆ ಹಸಿರಾಗಿ ಕೂತಿತ್ತು ಅದು. ಹಾಗೆ ಕೂರುವುದು ಹೇಗೆಂದು ಅರ್ಮಾಳಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಿತ್ತು? ಆದರೂ ಅವಳ ಆ ದೊಡ್ಡ ಕಣ್ಣು ಮೋಸಹೋಗಿತ್ತು.

ಸರ್ಮದ್ ಬಲಗಾಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡಿದ್ದ. ಮುಳ್ಳು ಚುಚ್ಚಿದರೂ ತಿಳಿಯದ ಕಾಲು.

ಅವಳು ಓಡಿಬಂದು, ಗಂಡನಿಗೂ ನೀರಿಗೂ ನಡುವೆ ಮಂಡಿಯೂರಿ, ತನ್ನ ಬಲಗೈಯನ್ನು ಮಣಿಕಟ್ಟಿನ ತನಕ ಎಂತಿನ್‌ಳ ನೀರಿಗೆ ಅದ್ದಿದಳು.

ಮುದುಕಿಯರ ಕೈಯಲ್ಲಿ ಚಹಾ ಲೋಟ ಹಾಗೇ ನಿಂತಿತು. ನಾನು ಎದ್ದು ನಿಂತೆ. ಹುಂಜವೊಂದೇ ಅಕ್ಕಿ ಹೆಕ್ಕುತ್ತಿತ್ತು.

ಅರ್ಮಾ ಕೈ ತೆಗೆದು ಸೆರಗಿನೊಳಗೆ ಇಟ್ಟುಕೊಂಡಳು. ಹಲ್ಲು ಕಚ್ಚಿದ್ದಳು.

"ರುಚಿ ನೋಡಿದ್ರಾ ತೇತೆ?" ಎಂತಿನ್‌ಳ ದನಿ ತಣ್ಣಗಿತ್ತು. "ಹೇಗಿದೆ? ಉಪ್ಪು ಕಡಿಮೆನಾ?"

"ಅರ್ಮಾ!" ಸರ್ಮದ್ ಹೆಂಡತಿಯನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ನಾಲ್ಕು ಜನರ ಎದುರಿಗೆ! ಮರದ ಮೇಲೆ ಹೊಟ್ಟೆಕಿಚ್ಚು ಆಯ್ತು, ಈಗ ನೀರಿನ ಮೇಲಾ? ನಾನು ಇನ್ನು ಈ ಊರಲ್ಲಿ ತಲೆ ಎತ್ತೋದು ಹೇಗೆ?"

"ಕಾಂಗ್, ಕಾಲಿಡಬೇಡಿ."

"ಇಡ್ತೀನಿ! ನೀನು ಮಾಡಿದ ಅವಮಾನ ನಾನೇ ತೊಳೀಬೇಕಲ್ಲ. ಹಸಿರಿದ್ದಲ್ಲಿ ಕೂರು ಅಂತ ನಿಮ್ಮಪ್ಪನೇ ಹೇಳಿಕೊಟ್ಟಿದ್ದಲ್ವಾ? ನೋಡು, ಹಸಿರು! ಸರಿ ಪಕ್ಕಕ್ಕೆ."

"ಕಾಂಗ್."

"ಸರಿ ಅಂದೆ!"

ಅವನು ಕಾಲನ್ನು ಅವಳ ಭುಜದ ಮೇಲಿಂದ ದಾಟಿಸಲು ಎತ್ತಿದ. ಅರ್ಮಾ ಸೆರಗಿನಿಂದ ಕೈ ತೆಗೆದು ಅವನ ಮುಖದ ಮುಂದೆ ಹಿಡಿದಳು.

ಮಣಿಕಟ್ಟಿನ ಸುತ್ತ ಬಳೆ ತೊಟ್ಟ ಹಾಗೆ ಒಂದು ಗೆರೆ. ಗೆರೆಯ ಮೇಲೆ ಅವಳ ಮೈಬಣ್ಣ, ಕೆಳಗೆ ಕೆಂಡದ ಬಣ್ಣ. ಬೆರಳ ತುದಿಗಳಲ್ಲಿ ಆಗಲೇ ಗುಳ್ಳೆ ಏಳುತ್ತಿತ್ತು.

ಸರ್ಮದ್‌ನ ಕಾಲು ಅವನ ಕೈಯಲ್ಲೇ ಉಳಿಯಿತು. ಅವನು ಕೈಯನ್ನು ನೋಡಿದ, ಹಸಿರನ್ನು ನೋಡಿದ, ಮತ್ತೆ ಕೈಯನ್ನು. "ಇದು... ಇದು ಹೇಗೆ? ಹಸಿರಿದೆಯಲ್ಲ?"

"ಹಸಿರಿದೆ," ಎಂದಳು ಅರ್ಮಾ.

ನಾನು ಬಾಳೆಲೆ, ತಣ್ಣೀರು ತರಲು ಒಲೆಯ ಕಡೆ ಓಡಿದೆ. ತಿರುಗಿ ಬರುವಾಗ ಎಂತಿನ್ ಪೊರಕೆ ಕೆಳಗಿಟ್ಟು ತನ್ನ ತಣ್ಣೀರ ಬಿದಿರಿನ ಬಾಯಿಯ ಹತ್ತಿರ ಬಗ್ಗಿದ್ದಳು. ಅದರಿಂದ ಒಂದು ಹನಿಯೂ ಬೀಳುತ್ತಿರಲಿಲ್ಲ. ಅವಳು ಮೆಲ್ಲನೆ ನೆಟ್ಟಗಾದಳು, ತಲೆಯನ್ನು ಒಂದು ಕಡೆ ಓರೆ ಮಾಡಿ ಗುಡ್ಡದ ಕಡೆ ಕಿವಿಗೊಟ್ಟಳು. ಸಿಟ್ಟು ಅವಳ ಮುಖದಿಂದ ಇಳಿಯಲಿಲ್ಲ, ಆದರೆ ಅದರ ಪಕ್ಕದಲ್ಲಿ ಇನ್ನೇನೋ ಬಂದು ಕೂತಿತು.

"ತೇತೆ," ಎಂದಳು, "ನಿಮ್ಮ ಬಿದಿರು ಇವತ್ತು ಯಾಕೆ ಇಷ್ಟೊಂದು ಅವಸರದಲ್ಲಿದೆ?"

ಟೊಕ್ಟೊಕ್. ಟೊಕ್ಟೊಕ್. ಈಗ ಎಲ್ಲರಿಗೂ ಕೇಳಿಸಿತು. ಮುದುಕಿಯರು ಒಬ್ಬರ ಮುಖ ಒಬ್ಬರು ನೋಡಿದರು.

ನಾನು ಬಾಳೆಲೆ ಮುಂದೆ ಹಿಡಿದೆ. ಅರ್ಮಾ ಅದನ್ನು ಎಡಗೈಯಲ್ಲಿ ತೆಗೆದುಕೊಂಡು ಸುಟ್ಟ ಕೈಗೆ ತಾನೇ ಸುತ್ತಿಕೊಂಡಳು.

"ಏನು ಅಂತಿದ್ದಾಳೆ ಇವಳು?" ಸರ್ಮದ್ ಕೇಳಿದ. "ನ್ಯೀ? ಬಿದಿರಿಗೇನಾಗಿದೆ?"

"ಈ ಸಲ ಅವರ ಸಿಟ್ಟು ಮರಕ್ಕಲ್ಲ ಕಾಂಗ್, ನಿಮ್ಮ ಕಾಲಿಗೇ ತಟ್ತಿತ್ತು," ಎಂದಳು ಎಂತಿನ್, ಅವನತ್ತ ನೋಡದೆ. ಆಮೇಲೆ ದನಿ ಬದಲಿಸಿ, "ತೇತೆ, ಕೂತ್ಕೊಳ್ಳಿ ಒಂದು ನಿಮಿಷ. ಕೈಗೆ ಏನಾದ್ರೂ ಹಚ್ತೀನಿ. ಆಮೇಲೆ ಜಗಳ ಆಡೋಣ. ನಾನು ಬಿಡಲ್ಲ, ಆಡೇ ಆಡ್ತೀನಿ. ಆದ್ರೆ ಮೊದಲು..."

ಅರ್ಮಾ ಆಗಲೇ ಎದ್ದಿದ್ದಳು. ಕಟ್ಟೆ ದಾಟಿ, ನನ್ನ ಒಲೆ ದಾಟಿ, ತನ್ನ ಕೊಳದ ಕಡೆಗೂ ತಿರುಗದೆ, ತಾನೇ ನಾರು ತುರುಕಿದ್ದ ತೊಟ್ಟಿಗೆ ಹೋಗುವ ಕಾಲುದಾರಿ ಹಿಡಿದಳು.

"ನ್ಯೀ, ಎಲ್ಲಿಗೆ ಹೊರಟೆ? ಉತ್ತರ ಹೇಳಿ ಹೋಗು!" ಸರ್ಮದ್ ಊರುಗೋಲು ತಡಕುತ್ತ ಕೂಗಿದ.

ಅವಳು ತಿರುಗಲಿಲ್ಲ. ಬಾಳೆಲೆ ಸುತ್ತಿದ ಕೈಯನ್ನು ಎದೆಗೊತ್ತಿಕೊಂಡು, ಇನ್ನೊಂದು ಕೈಯಿಂದ ಒದ್ದೆ ಹುಲ್ಲು ಹಿಡಿಯುತ್ತ, ಮಂಜಿನೊಳಗೆ ಹತ್ತಿ ಹೋದಳು.